ನಾನಾಗಲೇ ಕೇಳಿದ್ದೆ ಮಾಮ

ಹಾಡು ಕೇಳುವವರಲ್ಲಿ ಒಂದು ಪಂಗಡವಿದೆ. ಇವರಿಗೆ ಹಾಡು ಚೆನ್ನಾಗಿದ್ದರೆ ಸಾಲದು, ಅದನ್ನು ಇನ್ಯಾರೂ ಕೇಳಿರಬಾರದು. ನೀವು ಯಾವುದೋ ಹೊಸ ಆಲ್ಬಂ ಕೇಳಿ, ಖುಷಿ ತಡೆಯಲಾರದೆ ಇವರ ಮುಂದೆ ಬಾಯಿಬಿಟ್ಟಿರೋ, ಮುಗಿಯಿತು ಕಥೆ. ತಲೆ ಸ್ವಲ್ಪ ವಾಲಿಸಿ, ಕಣ್ಣಲ್ಲಿ ಒಂದಿಷ್ಟು ಕನಿಕರ ತಂದುಕೊಂಡು, "ಓ, ಅವರಾ? ಅವರ ಮೊದಲ ಇಪಿ ಚೆನ್ನಾಗಿತ್ತು" ಅನ್ನುತ್ತಾರೆ. ಮೊದಲ ಇಪಿ ಅಂದರೆ ಆ ಹುಡುಗರು ಮಲಗುವ ಕೋಣೆಯಲ್ಲಿ ಕೂತು ನಾಲ್ಕೈದು ಹಾಡು ಸೇರಿಸಿ ಮಾಡಿದ್ದು, ಊರಿನಲ್ಲಿ ಹತ್ತು ಜನ ಕೇಳಿದ್ದು. ಆ ಹತ್ತರಲ್ಲಿ ಒಬ್ಬರು ಈಗ ನಿಮ್ಮ ಎದುರಿಗೆ ಕೂತು ನಿಮ್ಮದೇ ಕಾಫಿ ಕುಡಿಯುತ್ತಿದ್ದಾರೆ. ನೀವು ಹನ್ನೊಂದನೆಯವರು. ಈ ಮತದಲ್ಲಿ ಹನ್ನೊಂದನೆಯವರಿಗೆ ಮೋಕ್ಷವಿಲ್ಲ.

ನಮ್ಮ ಅಕ್ಕನ ಮಗ ಈ ಮತದ ಪೀಠಾಧಿಪತಿ. ಹಗಲೆಲ್ಲ ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್ ರಿಪೇರಿ, ರಾತ್ರಿಯೆಲ್ಲ ಸಂಗೀತ ಸಂಶೋಧನೆ. ಸಿನಿಮಾ ಹಾಡು ಅವನಿಗೆ ವರ್ಜ್ಯ. ದೊಡ್ಡ ಕಂಪನಿಗಳು ಹೊರತಂದ ಆಲ್ಬಂ ಅಂದರೆ ಮೈಲಿಗೆ. ಯಾವ ಕಂಪನಿಯ ಹಂಗೂ ಇಲ್ಲದೆ ಒಂಟಿಯಾಗಿ ಕೂತು ಪಾಪ್ ಹಾಡು ಕಟ್ಟುವವರು, ಸಿಂಥಸೈಜರ್ ತಿರುವುವವರು, ಇವರೇ ಅವನ ಇಷ್ಟದೈವಗಳು. ಅವನು ಆಲ್ಬಂ ಕೇಳುತ್ತಾನೆ ಅನ್ನುವಂತಿಲ್ಲ. "ಕಂಡುಹಿಡಿದೆ" ಅಂತಲೇ ಅನ್ನಬೇಕು.

ಈ ಚಟ ಹೊಸದೇನಲ್ಲ ಬಿಡಿ. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಮನೆಮನೆಯ ಟೇಪ್ ರೆಕಾರ್ಡರಿನಲ್ಲಿ ಓಡತೊಡಗಿದಾಗ, "ಇದನ್ನ ಮೈಸೂರು ಅನಂತಸ್ವಾಮಿ ಬಾಯಲ್ಲಿ ನಾನು ಯಾವತ್ತೋ ಕೇಳಿದೀನಿ" ಅನ್ನುವವರು ಬೀದಿಗೊಬ್ಬರಿದ್ದರು. ಸುಗಮ ಸಂಗೀತದ ಯಾವ ಸಭೆಗೆ ಹೋಗಿ, ಮುಂದಿನ ಸಾಲಿನಲ್ಲಿ ಇಂದಿಗೂ ಒಬ್ಬ ಹಿರಿಯರು ಸಿಗುತ್ತಾರೆ: "ಅಶ್ವಥ್ ಇನ್ನೂ ಐಟಿಐನಲ್ಲಿ ಕೆಲಸಕ್ಕೆ ಹೋಗ್ತಿದ್ರಲ್ಲ, ಆಗಲೇ ಕೇಳಿದೋರು ನಾವು." ಗಾಯಕ ಸಿ. ಅಶ್ವಥ್ ಅವರ ಮೊದಲ ಇಪಿ ಅಂತ ಒಂದಿದ್ದಿದ್ದರೆ ಅದೂ ಅವರ ಬಾಯಲ್ಲಿ ಬರುತ್ತಿತ್ತು. ವ್ಯತ್ಯಾಸ ಇಷ್ಟೆ. ಆಗ ಮೊದಲು ಕೇಳಬೇಕಾದರೆ ಮನೆಬಿಟ್ಟು ಹೊರಡಬೇಕಿತ್ತು, ಬಸ್ಸು ಹತ್ತಬೇಕಿತ್ತು, ಯಾರದೋ ಮನೆಯ ಜಗಲಿಯ ಮೇಲೆ ಕೂರಬೇಕಿತ್ತು. ಈಗ ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸಿದರೆ ಸಾಕು.

ಫೋನಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈಯಲ್ಲಿ ಪ್ರತಿ ಕಲಾವಿದರ ಹೆಸರಿನ ಜೊತೆ, ತಿಂಗಳಿಗೆ ಎಷ್ಟು ಮಂದಿ ಕೇಳಿದರು ಎಂಬ ಲೆಕ್ಕ ಹಾಕಿರುತ್ತಾರೆ. ಲೋಕಸಾಮಾನ್ಯರು ಆ ಅಂಕಿ ದೊಡ್ಡದಿದ್ದರೆ ಹಾಡು ಒತ್ತುತ್ತಾರೆ. ಅಳಿಯ ಚಿಕ್ಕದಿದ್ದರೆ ಒತ್ತುತ್ತಾನೆ. "ಬರೀ ನಲವತ್ತೊಂದು ಜನ ಮಾಮ!" ಅಂತ ಮಧ್ಯರಾತ್ರಿ ಸಂದೇಶ ಬರುತ್ತದೆ. ಅಂಕಿ ಐವತ್ತು ಸಾವಿರ ದಾಟಿತೋ, ಅವನಿಗೆ ಸೂತಕ. ಲಕ್ಷ ಮುಟ್ಟಿದರೆ ಎಳ್ಳುನೀರು.

ಇದರಲ್ಲೊಂದು ಕ್ರೂರ ತಮಾಷೆಯಿದೆ. 2024ರಿಂದ ಸ್ಪಾಟಿಫೈ ಒಂದು ಕಟ್ಟಳೆ ತಂದಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಓಡದ ಹಾಡಿಗೆ ರಾಯಧನವಿಲ್ಲ. ಅಂದರೆ ನಲವತ್ತೊಂದು ಜನರ ಆ ಹುಡುಗ, ಅವರಲ್ಲಿ ಒಬ್ಬೊಬ್ಬರೂ ತಿಂಗಳಿಗೆ ಎರಡು-ಮೂರು ಸಲವಾದರೂ ಅದೇ ಹಾಡು ಕೇಳದ ಹೊರತು, ಒಂದು ಬಿಡಿಕಾಸನ್ನೂ ಕಾಣುವುದಿಲ್ಲ. ಅಳಿಯನ ಕಿವಿಯಲ್ಲಿ ಪಾಸಾದ ಹಾಡೆಲ್ಲ ಕಂಪನಿಯ ಲೆಕ್ಕದಲ್ಲಿ ನಪಾಸು. ಇದನ್ನು ನಾನು ಹೇಳಿದರೆ, "ಅದಕ್ಕೇ ಮಾಮ, ಅದು ಪ್ಯೂರ್" ಅನ್ನುತ್ತಾನೆ. ಶುದ್ಧವೇನೋ ಹೌದು. ಉಪವಾಸವಿದ್ದವರ ಹೊಟ್ಟೆಯೂ ಶುದ್ಧವಾಗಿಯೇ ಇರುತ್ತದೆ.

ಆಲ್ಬಂ ಸಿಕ್ಕಿತೆನ್ನಿ, ಮುಂದೆ ಅದರ ಕುಲಗೋತ್ರ ಹೇಳಬೇಕು. "ಎಲೆಕ್ಟ್ರಾನಿಕ್ ಸಂಗೀತ" ಅಂದುಬಿಟ್ಟರೆ ಅವನು ನೊಂದುಕೊಳ್ಳುತ್ತಾನೆ. ಅದು ಫೋಕ್‌ಟ್ರಾನಿಕಾ ಇರಬಹುದು, ಮೈಕ್ರೋಹೌಸ್ ಇರಬಹುದು, ವೇಪರ್‌ವೇವ್, ವಿಚ್‌ಹೌಸ್, ಹೈಪರ್‌ಪಾಪ್, ಏನು ಬೇಕಾದರೂ ಇರಬಹುದು. ಗ್ಲೆನ್ ಮೆಕ್‌ಡೊನಾಲ್ಡ್ ಎಂಬ ಪುಣ್ಯಾತ್ಮರು ಇಂಥ ಪ್ರಕಾರಗಳನ್ನೆಲ್ಲ ಒಂದೇ ನಕಾಶೆಯಲ್ಲಿ ಕೂರಿಸಲು ಹೊರಟರು. ಸ್ಪಾಟಿಫೈಯಲ್ಲಿದ್ದಾಗ ಆ ಲೆಕ್ಕ ಆರು ಸಾವಿರ ದಾಟಿತು. 2023ರ ಡಿಸೆಂಬರಿನಲ್ಲಿ ಕಂಪನಿ ಸುಮಾರು ಸಾವಿರದೈನೂರು ಜನರನ್ನು ಮನೆಗೆ ಕಳಿಸಿದಾಗ ಅವರನ್ನೂ ಕಳಿಸಿತು. ನಮ್ಮ ವೆಂಕಟಮಖಿಯವರು ಹದಿನೇಳನೆಯ ಶತಮಾನದಲ್ಲಿ ಎಪ್ಪತ್ತೆರಡು ಮೇಳಕ್ಕೆ ನಿಲ್ಲಿಸಿದ್ದರಲ್ಲಿ ಎಷ್ಟು ವಿವೇಕವಿತ್ತು ನೋಡಿ. ಅವರ ಕೆಲಸಕ್ಕೂ ಕುತ್ತು ಬರಲಿಲ್ಲ.

ಈ ಹೆಸರುಗಳು ಹುಟ್ಟುವ ಬಗೆಯೋ, ಕೇಳಬೇಡಿ. ಚಿಲ್‌ವೇವ್ ಎಂಬುದೊಂದಿದೆ. 2009ರಲ್ಲಿ ಯಾರೋ ಕುಚೋದ್ಯದವನು ತಮಾಷೆಗೆ ಬರೆದ ಹೆಸರದು. ಗಂಭೀರ ಜನ ಅದನ್ನೇ ಹಿಡಿದುಕೊಂಡರು. ಅದರ ಮೂಲಪುರುಷರಲ್ಲೊಬ್ಬ ಅರ್ನೆಸ್ಟ್ ಗ್ರೀನ್. ವಾಶ್ಡ್ ಔಟ್ ಎಂಬುದು ಆತನ ಸಂಗೀತನಾಮ. ಲೈಬ್ರರಿ ಸೈನ್ಸ್ ಓದಿ, ಕೆಲಸ ಸಿಗದೆ, ಜಾರ್ಜಿಯಾ ರಾಜ್ಯದ ಪೆರಿ ಎಂಬ ಸಣ್ಣ ಊರಿನಲ್ಲಿ ಅಪ್ಪ-ಅಮ್ಮನ ಮನೆಗೆ ವಾಪಸಾಗಿ, ಅಲ್ಲಿನ ಕೋಣೆಯಲ್ಲಿ ಕಂಪ್ಯೂಟರ್ ಹಿಡಿದು ಕೂತು ಹಾಡು ಮಾಡಿದ. ಮಂಜು ಮುಸುಕಿದಂಥ, ನಿದ್ದೆಗಣ್ಣಿನ ಹಾಡುಗಳು. ಪ್ರಪಂಚ ಅದಕ್ಕೆ ಮರುಳಾಯಿತು. ನಮ್ಮ ಮನೆಗಳಲ್ಲೂ ಕೆಲಸ ಸಿಗದೆ ವಾಪಸ್ಸು ಬಂದ ಮಕ್ಕಳು ಬೇಕಾದಷ್ಟಿದ್ದಾರೆ. ಕೋಣೆಯ ಬಾಗಿಲು ಹಾಕಿಕೊಳ್ಳಲು ಅಮ್ಮಂದಿರು ಬಿಡುವುದಿಲ್ಲ, ಅಷ್ಟೆ ಕೊರತೆ.

ಕುಲ ಗೊತ್ತಾದ ಮೇಲೆ ಅಂಕ. ಈ ವಿಷಯದಲ್ಲಿ ಅಳಿಯನ ಬೋರ್ಡು ಪಿಚ್‌ಫೋರ್ಕ್ ಎಂಬ ಅಮೆರಿಕದ ವಿಮರ್ಶಾ ಪತ್ರಿಕೆ. ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ, ಅದೂ ದಶಮಾಂಶ ಹಾಕಿ. 8.3 ಬಂದ ಆಲ್ಬಂ ಬೇರೆ, 8.4 ಬಂದದ್ದು ಬೇರೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಅಂಕಕ್ಕಾಗಿ ಮರುಎಣಿಕೆಗೆ ಅರ್ಜಿ ಹಾಕುವ ತಂದೆಗಿರುವ ಶ್ರದ್ಧೆ ಈ ದಶಮಾಂಶದ ಮೇಲೆ ನಮ್ಮ ಹುಡುಗನಿಗಿದೆ. ಅಲ್ಲಿಯ ಮೌಲ್ಯಮಾಪಕರು ಸಾಮಾನ್ಯದವರಲ್ಲ. 2000ದಲ್ಲಿ ಸಾನಿಕ್ ಯೂತ್‌ನಂಥ ಘನವಾದ ಬ್ಯಾಂಡಿನ ಆಲ್ಬಂ ಒಂದಕ್ಕೆ ದುಂಡಗೆ 0.0 ಬರೆದರು. 2006ರಲ್ಲಿ ಜೆಟ್ ಎಂಬ ಆಸ್ಟ್ರೇಲಿಯಾದ ಬ್ಯಾಂಡಿಗೆ ಸೊನ್ನೆ ಕೊಟ್ಟಿದ್ದಲ್ಲದೆ, ವಿಮರ್ಶೆಯ ಜಾಗದಲ್ಲಿ ಒಂದಕ್ಷರ ಬರೆಯದೆ, ಚಿಂಪಾಂಜಿಯೊಂದು ತನ್ನ ಮೂತ್ರವನ್ನು ತಾನೇ ಕುಡಿಯುವ ವಿಡಿಯೊ ಅಂಟಿಸಿದರು. ಕನ್ನಡ ವಿಮರ್ಶೆ ಕಟುವಾಗಿದೆ ಅಂತ ಕಣ್ಣೀರು ಹಾಕುವ ಕವಿಗಳು ಇದನ್ನು ನೆನೆದು ಸಮಾಧಾನ ಮಾಡಿಕೊಳ್ಳಬಹುದು. ಆ ಪಿಚ್‌ಫೋರ್ಕನ್ನೂ 2024ರ ಜನವರಿಯಲ್ಲಿ ಅದರ ಒಡೆಯರು ಜಿಕ್ಯೂ ಎಂಬ ಗಂಡಸರ ಶೋಕಿ ಪತ್ರಿಕೆಯ ಹೊಟ್ಟೆಗೆ ಹಾಕಿದರು. ಅಳಿಯ ಒಂದು ವಾರ ಕಪ್ಪು ಟೀ ಶರ್ಟು ತೊಟ್ಟಿದ್ದ. ದಿನಾ ತೊಡುವುದೂ ಕಪ್ಪೇ, ಅದು ಬೇರೆ ಮಾತು.

ಹಾಗಂತ ಅಂಕ ಬಂದಮೇಲೆ ಅವನಿಗೆ ಸಂತೋಷವಾಗುತ್ತದೆ ಅಂದುಕೊಳ್ಳಬೇಡಿ. ಅದೇ ವರ್ಷ ಮಾರ್ಚಿನಲ್ಲಿ ಸಿಂಡಿ ಲೀ ಎಂಬ ಹೆಸರಿನಲ್ಲಿ ಹಾಡುವ ಕೆನಡಾದ ಪ್ಯಾಟ್ರಿಕ್ ಫ್ಲೀಗಲ್ 'ಡೈಮಂಡ್ ಜುಬಿಲಿ' ಎಂಬ ಆಲ್ಬಂ ಬಿಟ್ಟರು. ಮೂವತ್ತೆರಡು ಹಾಡು, ಎರಡು ಗಂಟೆಗೂ ಮಿಕ್ಕಿ. ಆಗ ಸ್ಪಾಟಿಫೈಯಲ್ಲಿರಲಿಲ್ಲ, ಆಪಲ್‌ನಲ್ಲಿರಲಿಲ್ಲ. ಬೇಕಾದವರು ಯೂಟ್ಯೂಬಿನಲ್ಲಿ ಒಂದೇ ಉಸಿರಿಗೆ ಕೇಳಬೇಕಿತ್ತು, ಇಲ್ಲವೇ ಇಪ್ಪತ್ತೈದು ವರ್ಷ ಹಳೆಯದರಂತೆ ಕಾಣುವ ಜಿಯೊಸಿಟೀಸ್ ಪುಟವೊಂದಕ್ಕೆ ಹೋಗಿ ಇಳಿಸಿಕೊಂಡು, ಮನಸ್ಸಾದರೆ ಮೂವತ್ತು ಕೆನಡಾ ಡಾಲರ್ ಕಳಿಸಬೇಕಿತ್ತು. ಯಾರ ಕೈಗೂ ಸಿಗಬಾರದೆಂದೇ ಹೂಡಿದ ವ್ಯೂಹದಂತಿತ್ತು. ಅಳಿಯ ಆ ಎರಡು ಗಂಟೆ ಊಟ ಬಿಟ್ಟು ಕೂತು ಕೇಳಿದ. ಎರಡು ವಾರ ಅವನ ಕಾಲು ನೆಲದ ಮೇಲಿರಲಿಲ್ಲ. ಅಷ್ಟರಲ್ಲಿ ಪಿಚ್‌ಫೋರ್ಕ್ 9.1 ಕೊಟ್ಟುಬಿಟ್ಟಿತು. ಜಗತ್ತೆಲ್ಲ ಅದೇ ಮಾತು. ಅಡಗಿಸಿಟ್ಟದ್ದರಷ್ಟು ಬೇಗ ಬಯಲಾಗುವುದು ಇನ್ನೊಂದಿಲ್ಲ. "ಹೆಂಗಿದೆ ಈಗ?" ಅಂತ ಕೇಳಿದೆ. "ಸ್ವಲ್ಪ ಉದ್ದ ಆಯ್ತು ಮಾಮ" ಅಂದ.

ಹಿಂದೆ ಇಂಗ್ಲೆಂಡಿನವರಿಗೆ ಜಾನ್ ಪೀಲ್ ಅಂತ ಒಬ್ಬರಿದ್ದರು. 1967ರಿಂದ 2004ರಲ್ಲಿ ಸಾಯುವವರೆಗೆ ಬಿಬಿಸಿ ರೇಡಿಯೊದಲ್ಲಿ, ಅಂಚೆಯಲ್ಲಿ ಬಂದ ಹುಡುಗರ ಕ್ಯಾಸೆಟ್ಟುಗಳನ್ನೆಲ್ಲ ಕೇಳಿ, ಹಿಡಿಸಿದ್ದನ್ನು ಊರಿಗೆಲ್ಲ ಕೇಳಿಸಿದವರು. ಒಂದು ಹಾಡು ತೀರಾ ಇಷ್ಟವಾಗಿ ಬೆನ್ನಿಗೆ ಬೆನ್ನಿಗೆ ಎರಡು ಸಲ ಹಾಕಿದರಂತೆ. ಮೊದಲು ಕೇಳಿದ ಹೆಮ್ಮೆ ಅವರಿಗೂ ಇದ್ದಿರಬೇಕು, ಆದರೆ ಅವರು ಕೇಳಿದ ಮರುಗಳಿಗೆ ಹಂಚಿಬಿಡುತ್ತಿದ್ದರು. ಈಗ ಆ ಕುರ್ಚಿಯಲ್ಲಿ ಯಂತ್ರ ಕೂತಿದೆ. 2015ರಿಂದ ಪ್ರತಿ ಸೋಮವಾರ ಸ್ಪಾಟಿಫೈ ಒಬ್ಬೊಬ್ಬರಿಗೂ ಮೂವತ್ತು ಹಾಡಿನ ಪಟ್ಟಿ ಕಳಿಸುತ್ತದೆ, ನಿಮಗೆ ಏನು ಹಿಡಿಸಬಹುದು ಅಂತ ತಾನೇ ಲೆಕ್ಕ ಹಾಕಿ. ಅಳಿಯನಿಗೆ ಈ ಯಂತ್ರವೆಂದರೆ ತಾತ್ಸಾರ. ಸೋಮವಾರ ಬೆಳಿಗ್ಗೆ ಮಾತ್ರ ಅವನು ಫೋನಿಗೆ ಸಿಗುವುದಿಲ್ಲ.

2025ರಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ದಿ ವೆಲ್ವೆಟ್ ಸನ್‌ಡೌನ್ ಎಂಬ ಯಾರೂ ಕೇಳಿರದ ಬ್ಯಾಂಡು, ಒಂದರ ಹಿಂದೊಂದು ಆಲ್ಬಂ, ತಿಂಗಳಿಗೆ ಹತ್ತು ಲಕ್ಷ ದಾಟಿದ ಕೇಳುಗರು. ಸಂದರ್ಶನವಿಲ್ಲ, ಕಛೇರಿಯಿಲ್ಲ, ಫೋಟೊದಲ್ಲಿ ನಾಲ್ವರೂ ಅತಿಯಾಗಿ ನುಣುಪು. ಕೊನೆಗೆ ಜುಲೈಯಲ್ಲಿ ಅವರ ಪುಟದಲ್ಲೇ ಒಪ್ಪಿಕೊಂಡರು: ಹಾಡು, ಕಂಠ, ಮುಖ ಎಲ್ಲ ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ್ದು. ಅಳಿಯ ಈ ಬ್ಯಾಂಡನ್ನು ಅಷ್ಟರೊಳಗೆ ಕಂಡುಹಿಡಿದಿದ್ದನೋ ಇಲ್ಲವೋ ಅಂತ ಕೆದಕಿ ನೋಡಿದೆ. ಜೀವಮಾನದಲ್ಲಿ ಮೊದಲ ಸಲ, "ನಾನಾಗಲೇ ಕೇಳಿದ್ದೆ" ಅನ್ನಲಿಲ್ಲ. ಮಾತು ಬದಲಿಸಿ ಮಳೆಯ ವಿಚಾರ ತೆಗೆದ.

ಇಂಥ ಅಳಿಯ ಒಂದು ಭಾನುವಾರ ಅಕ್ಕನ ಮನೆಯಲ್ಲಿ, ಊಟ ಮುಗಿದು ನಾವು ಅಡಿಕೆ ಕತ್ತರಿಸುತ್ತ ಕೂತಿದ್ದಾಗ, "ಭಯಂಕರ ಹೊಸ ಆಲ್ಬಂ ಸಿಕ್ಕಿದೆ ಮಾಮ" ಅಂದ. ಎಲ್ಲಿಯದು ಅಂದೆ. "ಬಾಂಬೆ. 1982." ಹೊಸದು ಅಂದರೆ ಇವರ ಪಂಚಾಂಗದಲ್ಲಿ ಇದೂ ಸೇರುತ್ತದೆ. ಅವನಿಗೆ ಹೊಸದು ಅಂದಮೇಲೆ ಪ್ರಪಂಚಕ್ಕೆ ಹೊಸದು.

ಆಲ್ಬಂ ಅಂತೂ ನಿಜಕ್ಕೂ ಭಯಂಕರವೇ. ಚರಣ್‌ಜಿತ್ ಸಿಂಗ್ ಅವರ 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್'. ಸಿಂಗ್ ಅವರು ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರು, ಕೀಬೋರ್ಡು ನುಡಿಸುತ್ತಿದ್ದವರು. ಸಿಂಗಪುರದಿಂದ ಜಪಾನಿನ ರೋಲ್ಯಾಂಡ್ ಕಂಪನಿಯ ಯಂತ್ರಗಳನ್ನು ಕೊಂಡು ತಂದರು: ತಾಳಕ್ಕೆ ಟಿಆರ್-808, ಬೇಸ್ ದನಿಗೆ ಟಿಬಿ-303, ರಾಗ ನುಡಿಸಲು ಜುಪಿಟರ್-8. ಈ 303ರ ಕಥೆ ಸೊಗಸಾಗಿದೆ. ಒಂಟಿಯಾಗಿ ಗಿಟಾರ್ ನುಡಿಸುವವನಿಗೆ ಪಕ್ಕದಲ್ಲಿ ಬೇಸ್ ಹಿಡಿಯುವವನಿಲ್ಲದಿದ್ದರೆ ಇದಿರಲಿ ಅಂತ 1981ರಲ್ಲಿ ಮಾರುಕಟ್ಟೆಗೆ ಬಿಟ್ಟ ಬೆಳ್ಳಿ ಬಣ್ಣದ ಪುಟ್ಟ ಪೆಟ್ಟಿಗೆ ಅದು. ಅದರಿಂದ ಹೊರಡುವ ಸದ್ದು ಬೇಸ್ ಗಿಟಾರಿನದೆಂದು ನಂಬುವವರೇ ಇರಲಿಲ್ಲ. 1984ರ ಹೊತ್ತಿಗೆ ತಯಾರಿಕೆ ನಿಂತುಹೋಯಿತು. ಆದರೆ ಆ ಪೆಟ್ಟಿಗೆಗೆ ಒಂದು ಗುಣವಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಿತ್ತು. ಪಿಯಾನೊದಲ್ಲೋ ಹಾರ್ಮೋನಿಯಂನಲ್ಲೋ ಆಗದ ಕೆಲಸ. ಮೀಂಡ್ ಬಲ್ಲ ಕಿವಿಗೆ ಅದು ಕೇಳಿಸಿತು. ಸಿಂಗ್ ಅವರು ಅದರ ಮೇಲೆ ಲಲಿತ್, ತೋಡಿ, ಯಮನ್, ಮಾಲಕಂಸ್ ಸೇರಿ ಹತ್ತು ರಾಗ ಕೂರಿಸಿ, ಕೆಳಗೆ ಡಿಸ್ಕೊ ತಾಳ ಓಡಿಸಿದರು. ಎಚ್‌ಎಂವಿ ತಟ್ಟೆ ಹೊರತಂದಿತು. ಕೊಳ್ಳುವವರಿರಲಿಲ್ಲ.

ಅತ್ತ ಷಿಕಾಗೊದ ಹುಡುಗರಿಗೆ ಬೇಡವಾದ ಅದೇ 303 ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿತು. ಅದರ ಗುಂಡಿಗಳನ್ನು ಕಂಡಕಂಡಂತೆ ತಿರುಗಿಸಿ ಫ್ಯೂಚರ್ ಎಂಬ ತಂಡ 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ಹೊರತಂದಿತು. ಆಸಿಡ್ ಹೌಸ್ ಎಂಬ ಪ್ರಕಾರವೇ ಹುಟ್ಟಿತು, ಯೂರೋಪೆಲ್ಲ ರಾತ್ರಿಯಿಡೀ ಕುಣಿಯಿತು. ಐದು ವರ್ಷ ಮೊದಲೇ ಹೆಚ್ಚುಕಡಿಮೆ ಅಂಥದೇ ಸದ್ದು ಬೊಂಬಾಯಿಯಲ್ಲಿ ತಟ್ಟೆಯಾಗಿ ಧೂಳು ತಿನ್ನುತ್ತಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ. 2002ರಲ್ಲಿ ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕರ ಕೈಗೆ ದೆಹಲಿಯ ಅಂಗಡಿಯೊಂದರಲ್ಲಿ ಅದು ಸಿಕ್ಕಿತು. ಸಿಂಗ್ ಅವರನ್ನು ಹುಡುಕಿಕೊಂಡು ಹೋದರೆ, ಅವರು ಎಲ್ಲಿಗೂ ಹೋಗಿರಲೇ ಇಲ್ಲ, ಮುಂಬೈಯಲ್ಲಿ ತಮ್ಮ ಮನೆಯಲ್ಲೇ ಇದ್ದರು. 2010ರಲ್ಲಿ ಆಲ್ಬಂ ಮರುಮುದ್ರಣವಾಯಿತು. ಇಷ್ಟು ಹಳೆಯದಾಗಿರಲು ಸಾಧ್ಯವೇ ಇಲ್ಲ, ಈಗಿನ ಯಾರೋ ಕಿಡಿಗೇಡಿ ಮಾಡಿದ್ದು ಅಂತ ಹಲವರು ಸಂಶಯಪಟ್ಟರು. ಎಪ್ಪತ್ತು ದಾಟಿದ ಸಿಂಗ್ ಅವರು ಯೂರೋಪಿಗೆ ಹೋಗಿ ವೇದಿಕೆಯ ಮೇಲೆ ಅದನ್ನೇ ನುಡಿಸಿ ತೋರಿಸಿದರು. 2015ರಲ್ಲಿ ತೀರಿಕೊಂಡರು. ಇದು ಎಚ್‌ಎಂವಿಯ ತಟ್ಟೆ, ನಿನ್ನ ಇಂಡಿಪೆಂಡೆಂಟ್ ಹೇಗಾಯಿತು ಅಂತ ನಾನು ತಕರಾರು ತೆಗೆದೆ. "ಯಾರೂ ಕೊಳ್ಳದೆ ಇದ್ದರೆ ಇಂಡಿಪೆಂಡೆಂಟೇ" ಅಂದ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಕ್ಕ ಹದಿನೈದು ವರ್ಷದವರೆಗೆ ವೀಣೆ ಕಲಿತವಳು. ಅಡುಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಸ್ಪೀಕರಿನ ಹತ್ತಿರ ಎರಡು ನಿಮಿಷ ನಿಂತು, "ಶುಭಪಂತುವರಾಳಿ" ಅಂದಳು.

"ಅಲ್ಲಮ್ಮ, ತೋಡಿ. ಮೇಲೇ ಬರ್ದಿದೆ ನೋಡು."

"ಅವರ ತೋಡಿ ನಮ್ಮ ಶುಭಪಂತುವರಾಳಿ ಕಣೋ. ಚೆನ್ನಾಗಿ ನುಡಿಸ್ತಿದಾರೆ. ಆದ್ರೆ ಇದೇನೋ, ನಮ್ಮ ಮದುವೇಲಿ ಆರ್ಕೆಸ್ಟ್ರಾದವರು ಹಿಂಗೇ ಟುಕುಟುಕು ಅನ್ನಿಸ್ತಿದ್ರಲ್ಲೋ?"

ಇಪ್ಪತ್ತು ವರ್ಷ ಪ್ರಪಂಚಕ್ಕೆ ತಪ್ಪಿಸಿಕೊಂಡಿದ್ದ ಆಲ್ಬಮ್ಮಿನ ಮುಂದೆ ನಮ್ಮಕ್ಕ "ನಾನಾಗಲೇ ಕೇಳಿದ್ದೆ" ಅಂದುಬಿಟ್ಟಳು. ಪೀಠಾಧಿಪತಿಯ ಮುಖ ನೋಡಬೇಕಿತ್ತು.

ನನಗೆ ಇನ್ನೊಂದು ಕುತೂಹಲ. ಐಸ್‌ಲ್ಯಾಂಡಿನ ಯಾವ ಹಳ್ಳಿಯಲ್ಲಿ ಯಾವ ಹುಡುಗಿ ಯಾವ ಸಿಂಥ್ ಇಟ್ಟುಕೊಂಡಿದ್ದಾಳೆ ಎಂಬುದು ಇವನ ನಾಲಿಗೆಯ ತುದಿಯಲ್ಲಿದೆ. ಸಲ್ಕ್ ಸ್ಟೇಷನ್ ಹೆಸರು ಮಾತ್ರ ಗೊತ್ತಿರಲಿಲ್ಲ. ಬೆಂಗಳೂರಿನದೇ ಜೋಡಿ, ತನ್ವಿ ರಾವ್ ಮತ್ತು ರಾಹುಲ್ ಗಿರಿ. ನಿಧಾನದ ಎಲೆಕ್ಟ್ರಾನಿಕ್ ತಾಳ, ಅದರ ಮೇಲೆ ಹಿಂದೂಸ್ತಾನಿಯ ನೆರಳಿರುವ ದನಿ. ಅವರ 'ಟಿಲ್ ಯು ಅಪಿಯರ್' ಬಂದದ್ದು 2012ರಲ್ಲಿ. ರಾತ್ರಿ ಮಳೆ ನಿಂತ ಮೇಲೆ ಕೇಳಬೇಕಾದ ಆಲ್ಬಂ ಅದು. ಇದೇ ಊರಿನಲ್ಲಿ ಕನ್ಸಾಲಿಡೇಟ್ ಎಂಬ ಪುಟ್ಟ ಲೇಬಲ್ಲೂ ಕಟ್ಟಿಕೊಂಡು ಹುಡುಗರು ಎಲೆಕ್ಟ್ರಾನಿಕ್ ಆಲ್ಬಮ್ಮುಗಳನ್ನು ಹೊರತಂದರು. ಇವನು ಟ್ರಾಫಿಕ್ಕಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ರೇಕ್ಯಾವಿಕ್ ಹುಡುಕುತ್ತಿದ್ದಾಗ ಪಕ್ಕದ ಸ್ಕೂಟರಿನಲ್ಲೇ ಅವರು ಯಾರಾದರೂ ಹೋಗಿರಬಹುದು. ಹೇಳಿದೆ. "ಲೋಕಲ್ಲಾ?" ಅಂದ. ಆಮೇಲೆ ರಾತ್ರಿ ಪೂರ್ತಿ ಕೇಳಿದ್ದಾನೆ. ಮರುದಿನ ಬೆಳಿಗ್ಗೆ ಸಂದೇಶ: "ಇವರದ್ದು ಇದಕ್ಕೂ ಹಳೇದು ಏನಾದ್ರೂ ಇದೆಯಾ ಮಾಮ?"

ಇಷ್ಟೆಲ್ಲ ರಸಿಕನಾದವನು ದುಡ್ಡು ಕೊಡುವ ವಿಚಾರ ಬಂದರೆ ಸನ್ಯಾಸಿ. ಒಂಟಿ ಸಂಗೀತಗಾರರಿಗೆ ನಾಲ್ಕು ಕಾಸು ನೇರವಾಗಿ ತಲುಪುವ ಜಾಗವೆಂದರೆ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣ. 2008ರಲ್ಲಿ ಶುರುವಾದದ್ದು. ಹಾಡಿನ ಫೈಲು ಮಾರಿದರೆ ಅವರು ಹಿಡಿಯುವುದು ನೂರಕ್ಕೆ ಹದಿನೈದು. ಬ್ಯಾಂಕಿನ ಖರ್ಚು ಕಳೆದು ಮಿಕ್ಕಿದ್ದೆಲ್ಲ ಹಾಡಿದವರಿಗೆ. ಕೋವಿಡ್ ಬಂದು ಕಛೇರಿಗಳೆಲ್ಲ ನಿಂತಾಗ, 2020ರ ಮಾರ್ಚ್ 20ರ ಶುಕ್ರವಾರ ಆ ಹದಿನೈದನ್ನೂ ಬಿಟ್ಟುಕೊಟ್ಟರು. ಆ ಒಂದೇ ದಿನ ಜನ 43 ಲಕ್ಷ ಡಾಲರಿನ ಸಂಗೀತ, ಸರಕು ಕೊಂಡರು. ಆಮೇಲೂ ಅಂಥ ಶುಕ್ರವಾರಗಳು ನಡೆದುಬಂದವು. ಸಂಸ್ಥೆಯನ್ನು 2022ರಲ್ಲಿ ಒಂದು ವಿಡಿಯೊ ಗೇಮ್ ಕಂಪನಿ ಕೊಂಡಿತು, ಮರುವರ್ಷ ಇನ್ನೊಬ್ಬರಿಗೆ ದಾಟಿಸಿತು, ಆ ದಾಟಾಟದಲ್ಲಿ ಅರ್ಧದಷ್ಟು ನೌಕರರು ಬೀದಿಗೆ ಬಿದ್ದರು. ಒಳ್ಳೆಯ ಜಾಗಗಳೆಲ್ಲ ಹೀಗೆ ಕೈಯಿಂದ ಕೈಗೆ ಹೋಗುವುದು ನನಗೆ ಹೆದರಿಕೆ. ಸದ್ಯಕ್ಕೆ ಅಂಗಡಿ ತೆರೆದಿದೆ.

ಅಲ್ಲಿ ಕೆಲವು ಆಲ್ಬಮ್ಮುಗಳ ಮುಂದೆ ಒಂದು ಖಾಲಿ ಚೌಕ ಇರುತ್ತದೆ. ಬೆಲೆ ನೀವೇ ಬರೆಯಿರಿ, ಮನಸ್ಸಿಗೆ ಬಂದಷ್ಟು. ಮನುಷ್ಯನ ಯೋಗ್ಯತೆ ಪರೀಕ್ಷೆ ಮಾಡಲು ಇದಕ್ಕಿಂತ ಚಿಕ್ಕ ಚೌಕ ಇನ್ನೊಂದಿಲ್ಲ. ಮುನ್ನೂರು ರೂಪಾಯಿಯ ಕಾಫಿ ಹೀರುತ್ತ, ಪೋರ್ಚುಗಲ್ಲಿನ ಯಾವುದೋ ಹುಡುಗಿಯ ಆಲ್ಬಮ್ಮಿಗೆ 'ಈ ದಶಕದ ಶ್ರೇಷ್ಠ ಕೃತಿ' ಅಂತ ನನಗೆ ಬಣ್ಣಿಸುತ್ತ, ನಮ್ಮ ಅಳಿಯ ಆ ಚೌಕದಲ್ಲಿ ಸೊನ್ನೆ ಬರೆದ. ಪಿಚ್‌ಫೋರ್ಕಿನವರಾದರೂ ದ್ವೇಷವಿದ್ದವರಿಗೆ ಸೊನ್ನೆ ಕೊಟ್ಟಿದ್ದರು.

ಬೈದೆ. ಉಪಯೋಗವಾಗಲಿಲ್ಲ. ಅಕ್ಕ ಬೈದಳು. "ಯಾರೋ ಹೆಣ್ಮಗು ರಾತ್ರಿಯೆಲ್ಲ ಕೂತು ಮಾಡಿದ್ದು, ಬಿಟ್ಟಿ ತಿಂತೀಯಲ್ಲೋ" ಅಂದಳು. ಅದೂ ನಾಟಲಿಲ್ಲ. ಕೊನೆಗೆ ನಾಟಿದ್ದು ಆ ಪುಟದ ಕೆಳಗಿದ್ದ ಒಂದು ವ್ಯವಸ್ಥೆ. ದುಡ್ಡು ಕೊಟ್ಟು ಆಲ್ಬಂ ಕೊಂಡವರ ಪುಟ್ಟ ಪುಟ್ಟ ಚಿತ್ರಗಳನ್ನು ಬ್ಯಾಂಡ್‌ಕ್ಯಾಂಪಿನವರು ಅಲ್ಲಿ ಸಾಲಾಗಿ ಅಂಟಿಸುತ್ತಾರೆ. ಆ ಹುಡುಗಿಯ ಆಲ್ಬಮ್ಮಿನ ಕೆಳಗೆ ಒಂದು ಚಿತ್ರವೂ ಇರಲಿಲ್ಲ. ಅಳಿಯ ಅದನ್ನೇ ದಿಟ್ಟಿಸಿದ. ಅಲ್ಲಿ ಮೊದಲು ತನ್ನ ಮುಖ ಬಂದರೆ? ಲೋಕವೆಲ್ಲ ಮುಂದೊಂದು ದಿನ ಅಲ್ಲಿಗೆ ಬಂದಾಗ, ಎಲ್ಲರಿಗಿಂತ ಮೊದಲು ಯಾರು ಬಂದಿದ್ದರು ಅನ್ನುವುದಕ್ಕೆ ಸಾಕ್ಷಿ ಸಮೇತ ದಾಖಲೆ! ಕಾರ್ಡು ತೆಗೆದ. ಏಳು ಡಾಲರ್ ಬರೆದ. ಯೋಚಿಸಿ, ಎಂಟು ಮಾಡಿದ. ಒತ್ತಿದ. ಬ್ಯಾಂಡ್‌ಕ್ಯಾಂಪ್ ಕಟ್ಟಿದವರಿಗೆ ಸಂಗೀತದ ಬಗ್ಗೆ ಎಷ್ಟು ಗೊತ್ತೋ, ನಮ್ಮ ಅಳಿಯಂದಿರ ಬಗ್ಗೆ ಮಾತ್ರ ಚೆನ್ನಾಗಿ ಗೊತ್ತಿದೆ.

ಆ ಹುಡುಗಿಯ ಆಲ್ಬಂ ನಾನೂ ಕೇಳಿದೆ. ಚೆನ್ನಾಗಿದೆ. ನಾನೂ ಒಂದು ಕೊಳ್ಳುತ್ತೇನೆ ಅಂತ ಫೋನ್ ಮಾಡಿ ಹೇಳಿದೆ.

"ತಗೋ ಮಾಮ, ಖಂಡಿತ ತಗೋ" ಅಂದ. ಸ್ವಲ್ಪ ತಡೆದು, "ಇವತ್ತು ಬೇಡ. ಮುಂದಿನ ವಾರ ತಗೋ."